ಸೀಸದ ಕೆಳಗಿನ ಗುರುತು

"ನಿಜ ಹೇಳು ಅಣ್ಣ, ಇದು ನಿನ್ನ ಕೈಕೆಲಸನಾ?"

ಭೂತಗನ್ನಡಿಯಿಂದ ಕಣ್ಣು ಕೀಳದೆಯೇ ಅತ್ತೆ ಕೇಳಿದಳು. ಕೆಲಸದ ಮೇಜಿಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಬೆರಳುದ್ದದ ಒಂದು ವೈರಿನ ತುಂಡು ಬಿದ್ದಿತ್ತು. ಕೆಂಪು ಹೊದಿಕೆ, ಅದರುದ್ದಕ್ಕೂ ಒಂದು ಬಿಳಿ ಗೆರೆ. ಒಂದು ತುದಿಯಲ್ಲಿ ಸ್ಕ್ರೂ ಹಾಕುವ ಉಂಗುರದ ಟರ್ಮಿನಲ್, ಅದರ ಕತ್ತಿನ ಸುತ್ತ ಹೊಳೆಯುವ ಸೋಲ್ಡರ್ ಸೀಸ. ಇನ್ನೊಂದು ತುದಿ ಕಿತ್ತುಹೋಗಿತ್ತು.

"ನಂದಲ್ಲ," ಎಂದ ಅಣ್ಣ. ಎದ್ದು ಹೋಗಿ, ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ ವೈರಿನ ಸುರುಳಿಗಳನ್ನು ಸರಿಪಡಿಸತೊಡಗಿದ. ಅವು ಸರಿಯಾಗಿಯೇ ಇದ್ದವು.

ಡ್ರೈವಿಂಗ್ ಸ್ಕೂಲಿನ ಕಾರಿಗೆ ಪಾಠದ ನಡುವೆಯೇ ಬೆಂಕಿ ಬಿದ್ದು, ಕಲಿಸುತ್ತಿದ್ದ ಮಾಸ್ಟರ ಎರಡೂ ಕೈ ಸುಟ್ಟದ್ದು ಮೊನ್ನೆ. ಅದರ ಹಿಂದಿನ ದಿನ ಆ ಕಾರಿನಲ್ಲಿ ಮಾಸ್ಟರ ಸೀಟಿನ ಪಕ್ಕ ಎರಡನೇ ಹಾರ್ನ್ ಬಟನ್ ಕೂರಿಸಿಕೊಟ್ಟವನು ಗಾಡಿಗಳ ವೈರಿಂಗ್ ಕೆಲಸ ಮಾಡುವ ಈ ಅಣ್ಣ. ತುಂಡು ಸಿಕ್ಕಿದ್ದು ಸರಿಯಾಗಿ ಆ ಬಟನ್ನಿನ ಬೆನ್ನಿಗೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ಬೋಳು ವೈರಿನ ಚೂರು ಸಿಕ್ಕಿಸಿತ್ತು. ಸಂಜೆಯೊಳಗೆ ಬೇರೆಯವರ ಕೈವಾಡ ಎಂದು ತೋರಿಸದಿದ್ದರೆ ಅಣ್ಣನ ಮೇಲೆ ಕೇಸು, ಅಂಗಡಿಗೆ ಬೀಗ. ಅಷ್ಟು ಹೊತ್ತನ್ನೂ ಪರೀಕ್ಷಿಸಲು ಈ ತುಂಡನ್ನೂ ಇನ್ಸ್‌ಪೆಕ್ಟರ್ ಕೊಟ್ಟದ್ದು ಅತ್ತೆಯ ಮುಖ ನೋಡಿ.

ಆ ಮುಖಕ್ಕೆ ಬೆಲೆಯಿತ್ತು. ಇನ್ಷೂರೆನ್ಸ್ ಕಂಪನಿಯಲ್ಲಿದ್ದು ನಿವೃತ್ತಳಾದವಳು ಅತ್ತೆ. ಸುಟ್ಟ ಗಾಡಿಗಳೊಳಗೆ ತಲೆ ತೂರಿಸಿ, ಬೆಂಕಿ ಎಲ್ಲಿ ಹುಟ್ಟಿತು, ತಾನಾಗಿ ಹುಟ್ಟಿತೋ ಯಾರಾದರೂ ಹುಟ್ಟಿಸಿದರೋ ಎಂದು ಹೇಳುವುದೇ ಅವಳ ಉದ್ಯೋಗವಾಗಿತ್ತು. ಅಣ್ಣನ ಮಗಳು 'ಅತ್ತೆ' ಎಂದು ಕರೆದದ್ದನ್ನು ಇಡೀ ಬೀದಿ ಹಿಡಿದುಕೊಂಡಿತ್ತು. ಈಗ ಇನ್ಸ್‌ಪೆಕ್ಟರೂ ಒಮ್ಮೊಮ್ಮೆ ಬಾಯಿ ತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

"ನಿಂದಲ್ಲ ಅಂತ ನನಗೂ ಗೊತ್ತು. ನೀನು ಸೋಲ್ಡರ್ ಮುಟ್ಟೋನಲ್ಲ. ಹಾಗಾದ್ರೆ ಯಾರದು?"

"ನನಗೇನ್ ಗೊತ್ತು?"

"ಎಲ್ಲಿ ಕಿತ್ತಿದೆ ನೋಡಿದ್ಯಾ?"

"ನೋಡ್ದೆ."

ಅತ್ತೆ ಭೂತಗನ್ನಡಿಯನ್ನು ಕೆಳಗಿಟ್ಟಳು. ಇದು ಯಾಕೋ ಸರಿಬರಲಿಲ್ಲ.

ಅಣ್ಣನ ಅಂಗಡಿಗೂ ಪಕ್ಕದ ರೇಡಿಯೋ ರಿಪೇರಿ ಅಂಗಡಿಗೂ ನಡುವೆ ಒಂದೇ ಗೋಡೆ. ಆ ಅಂಗಡಿಯ ರೇಡಿಯೋ ಮಾಮ ಮತ್ತು ಅಣ್ಣ ಚಡ್ಡಿ ಹಾಕುವ ಕಾಲದ ಸ್ನೇಹಿತರು. ಜಗಳವೂ ಆ ಕಾಲದ್ದೇ. ಗೋಡೆಯಲ್ಲಿ ಇಟ್ಟಿಗೆ ತೆಗೆದು ಮಾಡಿದ ಕಿಂಡಿಯಿತ್ತು. ಅದರಲ್ಲಿ ಟೀ ಲೋಟವೂ ಬೈಗುಳವೂ ಒಟ್ಟಿಗೇ ಹೋಗಿ ಬರುತ್ತಿದ್ದವು.

ಜಗಳದ ವಿಷಯ ಒಂದೇ. ವೈರಿಗೆ ಟರ್ಮಿನಲ್ ಹಾಕುವುದು ಹೇಗೆ? ಕ್ರಿಂಪ್ ಮಾಡಬೇಕು, ಅಂದರೆ ಟರ್ಮಿನಲ್ಲಿನ ರೆಕ್ಕೆಗಳನ್ನು ಇಕ್ಕಳದಲ್ಲಿ ಒತ್ತಿ ವೈರನ್ನು ಬಿಗಿಯಾಗಿ ಅಪ್ಪಿಸಬೇಕು ಎಂದು ಅಣ್ಣ. ಕಾಯಿಸಿ ಸೀಸ ಬಿಟ್ಟು ಬೆಸೆಯಬೇಕು ಎಂದು ರೇಡಿಯೋ ಮಾಮ.

"ಕಾರು ಅಂದ್ರೆ ನಿನ್ನ ರೇಡಿಯೋ ಥರ ಸ್ಟೂಲ್ ಮೇಲೆ ಕೂತು ಹಾಡೋದಲ್ಲ ಕಣಯ್ಯಾ. ಅಲುಗಾಡುತ್ತೆ! ಸೀಸ ಎಳೆಗಳ ಸಂದಿಯಲ್ಲಿ ಹತ್ತಿಕೊಂಡು ವೈರು ಕಡ್ಡಿಯಾಗುತ್ತೆ. ಆ ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗೋ ಅಂಚಿದೆಯಲ್ಲ, ಅಲ್ಲೇ ಮುರಿಯುತ್ತೆ." ಅಣ್ಣನ ಈ ಭಾಷಣ ಬೀದಿಯ ನಾಯಿಗೂ ಬಾಯಿಪಾಠ.

ಮೇಜಿನ ಮೇಲಿನ ತುಂಡು ಸರಿಯಾಗಿ ಆ ಅಂಚಿನಲ್ಲೇ ಕಿತ್ತಿತ್ತು. ಜನ್ಮವಿಡೀ ಕಾದಿದ್ದ ಸಾಕ್ಷಿ ಅಣ್ಣನ ಕಾಲ ಬಳಿಯೇ ಬಂದು ಬಿದ್ದಿತ್ತು. ಬೇರೆ ದಿನವಾಗಿದ್ದರೆ ಅವನು ಕಿಂಡಿಗೆ ಬಾಯಿಟ್ಟು ಬೀದಿಗೆಲ್ಲ ಕೇಳುವ ಹಾಗೆ ಕೂಗಿ, ಕುಣಿದು ಕುಪ್ಪಳಿಸಬೇಕಿತ್ತು. ಇವತ್ತು ಬಾಯಿ ಹೊಲಿದುಕೊಂಡು ನಿಂತಿದ್ದ.

ಅಣ್ಣ ಯಾಕೆ ಕುಣಿಯಲಿಲ್ಲ? ಆ ಪ್ರಶ್ನೆಯನ್ನು ಅತ್ತೆ ಗಂಟು ಕಟ್ಟಿ ಇಟ್ಟುಕೊಂಡಳು.

"ಅಪ್ಪಾ, ಟೀ!"

ಬಾಗಿಲಲ್ಲಿ ಮಗಳ ದನಿ ಕೇಳಿದ್ದೇ ತಡ, ಬಟ್ಟೆಯ ಅಂಚು ಮಡಚಿ ತುಂಡು ಮುಚ್ಚಿಬಿಟ್ಟಿತು. ಮುಚ್ಚಿದ್ದು ಅತ್ತೆಯ ಕೈಯಲ್ಲ, ಅಣ್ಣನ ಕೈ.

ಮಿಣುಕಿ ಒಳಗೆ ಬಂದಳು. ಚಿಕ್ಕವಳಿದ್ದಾಗ ಅಪ್ಪನಿಗೆ ಟೆಸ್ಟ್ ಬಲ್ಬು ಹಿಡಿದು ನಿಲ್ಲುತ್ತಿದ್ದವಳು. ಆಗ ಬಿದ್ದ ಹೆಸರು ಹಾಗೇ ಉಳಿದಿತ್ತು. ಈಗ ಅರ್ಧ ಅಂಗಡಿ ನಡೆಸುವವಳು ಅವಳೇ. ಅವಳ ಹಿಂದೆಯೇ ಎರಡೂ ಕೈಗೆ ಬಿಳಿ ಬ್ಯಾಂಡೇಜು ಸುತ್ತಿಸಿಕೊಂಡ ಮಾಸ್ಟರು ಬಂದರು. ಮುಂದಿನ ತಿಂಗಳು ಇವರಿಬ್ಬರ ಮದುವೆ.

"ಬಾಯಿ ತೆಗೀರಿ," ಎಂದು ಮಿಣುಕಿ ಲೋಟವನ್ನು ಅವರ ತುಟಿಗೆ ಹಿಡಿದಳು. "ಊದಿ ಕುಡೀರಿ. ಕೈ ಸುಟ್ಟಿದ್ದು ಸಾಲ್ದಾ, ನಾಲಿಗೇನೂ ಸುಟ್ಕೋಬೇಕಾ?"

"ಮದುವೆ ಆದ್ಮೇಲೂ ಹೀಗೇ ಕುಡಿಸ್ತಾಳಾ ಕೇಳಿ ಅತ್ತೆ," ಎಂದು ಮಾಸ್ಟರು ನಕ್ಕರು.

"ಕುಡಿಸ್ತಾಳೆ, ಕುಡಿಸ್ತಾಳೆ. ನೀರು ಕುಡಿಸ್ತಾಳೆ!" ಎಂದಳು ಅತ್ತೆ.

ಮಾಸ್ಟರು ಮಾವನ ಕಡೆ ತಿರುಗಿದರು. "ಮಾವ, ದೂರು ಕೊಟ್ಟಿದ್ದು ಸ್ಕೂಲಿನವರು. ನನಗೆ ನಿಮ್ಮ ಮೇಲೆ ಒಂದು ಚೂರೂ ಬೇಜಾರಿಲ್ಲ. ಗಾಡಿ ಅಂದ್ಮೇಲೆ ಆಗುತ್ತೆ."

ಅಣ್ಣ ತಲೆಯಾಡಿಸಿದ. ಅವನ ಕಣ್ಣು ಮಗಳ ಮೇಲಿತ್ತು.

ಅತ್ತೆ ಮಾಸ್ಟರ ಬ್ಯಾಂಡೇಜಿನ ಕೈಗಳನ್ನು ನೋಡಿದಳು. ಎಂಥ ಹುಡುಗ! ಕಳೆದ ವಾರ, ಬೇಡ ಬೇಡ ಎಂದರೂ ಕೇಳದೆ, ಅವಳ ಹಳೇ ಕಾರನ್ನು ತಾವೇ ಒಯ್ದು, ತೊಳೆಸಿ, ಗಾಳಿ ತುಂಬಿಸಿ, ಸೀಟಿನ ಧೂಳು ಕೊಡವಿ ತಂದುಕೊಟ್ಟಿದ್ದರು. ಕಾರು ಒಯ್ಯುವಾಗ ಚಿಕ್ಕ ಹುಡುಗರಂತೆ ಎರಡು ಸಲ ಹಾರ್ನ್ ಹೊಡೆದು ಟಾಟಾ ಬೇರೆ. ಮಿಣುಕಿಯ ಆಯ್ಕೆಗೆ ಅತ್ತೆ ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟಿದ್ದಳು.

"ನಡೀರಿ, ಕಟ್ಟು ಬದಲಾಯಿಸೋ ಹೊತ್ತಾಯ್ತು," ಎಂದಳು ಮಿಣುಕಿ.

"ನಾನೊಬ್ನೇ ಹೋಗ್ತೀನಿ. ಕಾಲೇನೂ ಸುಟ್ಟಿಲ್ಲ. ನೀನು ಅಪ್ಪನ ಜೊತೆಗಿರು."

ಅವರು ಬೀದಿಯಾಚೆಯ ದವಾಖಾನೆಯತ್ತ ನಡೆದರು. ಮಿಣುಕಿ ತಿರುವಿನವರೆಗೆ ಕಳಿಸಲು ಹೋದಳು. ಅತ್ತೆ ಬಟ್ಟೆಯೊಳಗಿನ ತುಂಡನ್ನು ಎತ್ತಿ ಪರ್ಸಿಗೆ ಹಾಕಿಕೊಂಡಳು.

"ಎಲ್ಲಿಗೆ?" ಅಣ್ಣ ಕೇಳಿದ.

"ಪಕ್ಕದ ಅಂಗಡಿಗೆ. ಸೀಸದ ಸಮಾಚಾರ ಸೀಸದವನನ್ನೇ ಕೇಳಬೇಕಲ್ಲ."

"ಬೇಡಮ್ಮಾ. ಆಗಿದ್ದು ಆಗಲಿ. ಬಿಟ್ಬಿಡು."

"ನಿನ್ನ ಕೈಗೆ ಬೇಡಿ ಬೀಳುತ್ತೆ ಅಣ್ಣ."

"ಬೀಳಲಿ."

ಹೊರಗೆ ಬಂದಾಗ ಅವಳ ಕಾರು ಮರದ ನೆರಳಿನಲ್ಲಿ ನಿಂತಿತ್ತು. ಈಚೆಗೆ ಅದರ ಹಾರ್ನ್ ಸತ್ತಿತ್ತು. ಬೆಳಿಗ್ಗೆಯೂ ಮೂಲೆಯಲ್ಲಿ ಚೆಂಡಾಡುವ ಮಕ್ಕಳನ್ನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿ ಸರಿಸಿ ಬಂದಿದ್ದಳು. ಅತ್ತೆ ಕೂಗುವುದು ಬೀದಿಗೆ ಹೊಸದಲ್ಲವಾದ್ದರಿಂದ ಯಾರಿಗೂ ಏನೂ ಅನ್ನಿಸಿರಲಿಲ್ಲ. ಅವಳೂ ಯಾರೊಬ್ಬರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಆ ಹಾರ್ನ್ ರಿಪೇರಿ ಮಾಡಿಕೊಟ್ಟವಳು ಮಿಣುಕಿ. ಮತ್ತೆ ಕೆಟ್ಟಿದೆ ಎಂದರೆ ಹುಡುಗಿಯ ಮುಖ ಬಾಡುತ್ತದೆ, ಮದುವೆ ಮುಗಿಯಲಿ ಎಂದುಕೊಂಡು ಸುಮ್ಮನಿದ್ದಳು.

ರೇಡಿಯೋ ಮಾಮನ ಅಂಗಡಿಯಲ್ಲಿ ಕಾಲಿಡಲು ಜಾಗ ಹುಡುಕಬೇಕು. ಬೆನ್ನು ಬಿಚ್ಚಿಸಿಕೊಂಡ ರೇಡಿಯೋಗಳು, ಗಾಜಿನ ಬಾಟಲಿಗಳಲ್ಲಿ ಸ್ಕ್ರೂಗಳು, ಎಲ್ಲದರ ಮೇಲೆ ಕಾಯಿಸಿದ ರಾಳದ ವಾಸನೆ. ಸ್ಟ್ಯಾಂಡಿನಲ್ಲಿ ಸೋಲ್ಡರಿಂಗ್ ಐರನ್ ಸಣ್ಣಗೆ ಹೊಗೆಯಾಡುತ್ತಿತ್ತು.

"ಬಾ ತಾಯಿ, ಬಾ. ನಿನ್ನ ಕಾಲ್ಗುಣ ನೋಡು, ವಾರದಿಂದ ಮುನಿಸಿಕೊಂಡಿದ್ದ ಈ ಪೆಟ್ಟಿಗೆ ಈಗ ಗೊರಗೊರ ಅಂತು!"

ಅತ್ತೆ ಪೀಠಿಕೆ ಹಾಕಲಿಲ್ಲ. ತುಂಡನ್ನು ತೆಗೆದು ಅವನ ದೀಪದ ಕೆಳಗಿಟ್ಟಳು.

ಹಣೆಯ ಮೇಲಿದ್ದ ಕನ್ನಡಕ ಮೂಗಿಗಿಳಿಯಿತು. ಚಿಮುಟದಲ್ಲಿ ತುಂಡನ್ನೆತ್ತಿ ಒಮ್ಮೆ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ.

"ಇದು ನಿನ್ನ ಸೀಸನಾ?"

"ಹೌದು."

"ಸರಿಯಾಗಿ ನೋಡಿ ಹೇಳು."

"ನೋಡಿಯೇ ಹೇಳಿದ್ದು. ನನ್ನ ಸೀಸ, ನನ್ನ ರಾಳ, ನನ್ನ ಕೈ. ಆ ಕಾರಿಗೆ ಇದನ್ನ ಹಾಕಿದ್ದು ನಾನೇ. ಹೋಗಿ ಹೇಳು ನಿನ್ನ ಇನ್ಸ್‌ಪೆಕ್ಟರಿಗೆ."

ಅತ್ತೆ ಸ್ಟೂಲ್ ಎಳೆದುಕೊಂಡು ಕೂತಳು. ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಅವಳು ತನ್ನ ಉದ್ಯೋಗದಲ್ಲಿ ಕಂಡಿರಲಿಲ್ಲ.

"ಯಾವಾಗ ಹಾಕ್ದೆ?"

"ಬೆಂಕಿ ಬಿದ್ದ ಹಿಂದಿನ ದಿನ."

"ಅಣ್ಣ ಮಾಡಿದ ಕೆಲಸದ ಮೇಲೆ ನೀನು ಕೈ ಹಾಕಿದ್ಯಾ?"

"ಹಾಕ್ದೆ. ಅವನ ಹಿಸುಕಾಟ ನೋಡಿ ನೋಡಿ ಸಾಕಾಗಿತ್ತು."

"ಫ್ಯೂಸಿನ ಜಾಗಕ್ಕೆ ವೈರಿನ ಚೂರು ಸಿಕ್ಕಿಸಿದ್ದು?"

ರೇಡಿಯೋ ಮಾಮ ತಬ್ಬಿಬ್ಬಾದ. "ಫ್ಯೂಸಾ? ಯಾವ... ಹೂಂ. ಅದೂ ನಾನೇ."

"ಬಟನ್ ಯಾವ ಬಣ್ಣ?"

"ಬಟನ್ ಬಣ್ಣ ಯಾರು ನೋಡ್ತಾರೆ! ತಪ್ಪು ಒಪ್ಕೊಂಡ ಮೇಲೆ ಬಣ್ಣ ಯಾಕೆ ಬೇಕು ನಿನಗೆ?"

ಸುಳ್ಳು ಹೇಳಲು ಬಾರದವರ ಮೇಲೆ ಅತ್ತೆಗೆ ಮೊದಲಿನಿಂದಲೂ ಪ್ರೀತಿ. ಆದರೂ ಸಂಜೆ ಹತ್ತಿರ ಬರುತ್ತಿತ್ತು. ಇವನ ಬಾಯಿ ಬಿಡಿಸಲು ಒಂದೇ ಕೀಲಿ ಎಂದು ಅವಳಿಗೆ ಗೊತ್ತಿತ್ತು.

"ಸರಿ ಹಾಗಾದ್ರೆ," ಎಂದು ನಿಟ್ಟುಸಿರಿಟ್ಟಳು. "ಅಣ್ಣ ಇಷ್ಟು ವರ್ಷ ಬಡ್ಕೊಂಡಿದ್ದೇ ನಿಜವಾಯ್ತು. ಗಾಡೀಲಿ ಸೋಲ್ಡರ್ ನಿಲ್ಲಲ್ಲ. ನೋಡು, ಸೀಸದ ಅಂಚಲ್ಲೇ ಮುರಿದುಹೋಗಿದೆ. ಕಿತ್ತ ಮೇಲೆ ಇದಕ್ಕೆ ಕರೆಂಟ್ ಬರಲಿಲ್ಲ, ಅದಕ್ಕೇ ಸುಡದೆ ಉಳೀತು. ಹಾಗಂತಾನೇ ಹೇಳ್ತೀನಿ. ರೇಡಿಯೋದವನ ಸೋಲ್ಡರ್ ಕೈಕೊಡ್ತು, ಬೆಂಕಿ ಬಿತ್ತು."

ರೇಡಿಯೋ ಮಾಮ ತುಟಿ ಕಚ್ಚಿಕೊಂಡ. ಅವನ ಕಿವಿಗಳು ಕೆಂಪಗಾದವು.

"ಹೇಳು," ಎಂದ ಹೇಗೋ.

"ಕಳಪೆ ಬೆಸುಗೆ ಅಂತ ಸೇರಿಸಲಾ?"

"ಯಾವನು ಹೇಳಿದ್ದು ಕಳಪೆ ಅಂತ!" ಸ್ಟೂಲ್ ಹಿಂದಕ್ಕೆ ಬಿತ್ತು. "ಕೊಡಿಲ್ಲಿ ಆ ಭೂತಗನ್ನಡಿ! ಮುರಿದದ್ದಂತೆ! ಅಲುಗಾಡಿ ಮುರಿದ ಎಳೆ ಒಂದು ಇಲ್ಲಿ, ಒಂದು ಅಲ್ಲಿ, ಗಿಡ್ಡ-ಉದ್ದ ಇರುತ್ತೆ. ಇಲ್ಲಿ ನೋಡು. ಅರ್ಧ ಎಳೆಗಳು ಒಂದೇ ಮಟ್ಟಕ್ಕೆ ಚಪ್ಪಟೆ. ಬ್ಲೇಡಲ್ಲಿ ಕೊಯ್ದಿದ್ದು. ಉಳಿದ ಅರ್ಧ ಎಳೆದು ಕಿತ್ತಿದ್ದು. ಯಾವನೋ ಬೇಕಂತ ಕೊಯ್ದಿದ್ದಾನೆ. ನನ್ನ ಸೀಸ ಏನು ಪಾಪ ಮಾಡಿತ್ತು?"

ಅಂದವನು ಬಾಯಿ ತೆರೆದುಕೊಂಡೇ ನಿಂತುಬಿಟ್ಟ.

"ಅಂದ್ರೆ ಹಾಕಿದೋನು ನೀನಲ್ಲ," ಎಂದಳು ಅತ್ತೆ ಮೆತ್ತಗೆ.

ಅವನು ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ ಕೂತ.

"ಯಾರನ್ನ ಉಳಿಸೋಕೆ ಹೊರಟಿದ್ದೀಯ?"

"ಇಲ್ಲಿಗೇ ಬಿಡು ತಾಯಿ. ಸಂಜೆ ಸ್ಟೇಷನ್ನಿಗೆ ಬರ್ತೀನಿ. ನನಗೇನು, ಹೆಂಡತಿಯಾ ಮಕ್ಕಳಾ? ಒಳಗೆ ಕೂರಿಸಿದ್ರೆ ಅಲ್ಲೂ ಒಂದು ರೇಡಿಯೋ ಇರುತ್ತೆ, ರಿಪೇರಿ ಮಾಡ್ಕೊಂಡಿರ್ತೀನಿ."

"ಈ ಸೀಸ ತೆಗಿ."

"ಆಗಲ್ಲ."

"ಒಳಗೇನಿದೆ?"

"ಆಗಲ್ಲ ಅಂದ್ನಲ್ಲ!"

ಅತ್ತೆ ಮೊಬೈಲ್ ತೆಗೆದು ತುಂಡಿನ ಎಲ್ಲ ಮಗ್ಗುಲಿನ ಫೋಟೋ ಹಿಡಿದಳು. ಸಾಕ್ಷಿ ಕೆಡಿಸಿದೆ ಎಂದು ಇನ್ಸ್‌ಪೆಕ್ಟರ್ ಬೈದರೆ ಬೈಸಿಕೊಳ್ಳುವುದು. ಆಮೇಲೆ ಸೋಲ್ಡರಿಂಗ್ ಐರನ್ನನ್ನು ಸೌಟು ಹಿಡಿದ ಹಾಗೆ ಹಿಡಿದು ಟರ್ಮಿನಲ್ಲಿನ ಮೇಲೆ ಒತ್ತಿದಳು.

"ಅಯ್ಯಯ್ಯೋ! ಹೊದಿಕೆ ಸುಡ್ತೀಯ! ಹೀಗಾ ಹಿಡಿಯೋದು? ತೆಗಿ ಕೈ, ತೆಗಿ!" ಅವನು ಐರನ್ನನ್ನು ಕಸಿದುಕೊಂಡ. ಕೆಟ್ಟ ಕೈಯಲ್ಲಿ ಐರನ್ ನೋಡುವ ಸಂಕಟ ಅವನಿಗೆ ಗುಟ್ಟು ಬಯಲಾಗುವ ಸಂಕಟಕ್ಕಿಂತ ದೊಡ್ಡದಾಗಿತ್ತು. ತುದಿಯನ್ನು ಹಗುರವಾಗಿ ತಾಕಿಸಿದ. ಸೀಸ ಮಿಂಚಿ ನೀರಾಯಿತು. ಸೀಸ ಹೀರುವ ಪಂಪು ಟಕ್ ಎಂದಿತು. ಇನ್ನೊಮ್ಮೆ ಟಕ್.

ಸೀಸದ ಕೆಳಗೆ ಟರ್ಮಿನಲ್ಲಿನ ಎರಡು ರೆಕ್ಕೆಗಳು ಅಚ್ಚುಕಟ್ಟಾಗಿ ಒಳಮಡಚಿ ವೈರನ್ನು ಅಪ್ಪಿ ಹಿಡಿದಿದ್ದವು. ಮೊದಲು ಕ್ರಿಂಪ್ ಮಾಡಿ, ಆಮೇಲೆ ಸೋಲ್ಡರ್ ಮಾಡಿದ ಕೆಲಸ. ಮಡಿಕೆಯ ನಡುವೆ, ಸಾಸಿವೆ ಕಾಳಿನಷ್ಟು ಒಂದು ಉಬ್ಬು.

ಅತ್ತೆಗೆ ಆ ಉಬ್ಬಿನ ಪರಿಚಯ ಹೇಳಿಕೊಡಬೇಕಾಗಿರಲಿಲ್ಲ. ಅಣ್ಣನ ಇಕ್ಕಳ ಎಂದೋ ಬಿದ್ದು ಅದರ ದವಡೆಯ ಒಂದು ಚೂರು ಹಾರಿತ್ತು. ಅಂದಿನಿಂದ ಅದು ಒತ್ತಿದ ಪ್ರತಿ ಟರ್ಮಿನಲ್ಲಿಗೂ ಈ ಉಬ್ಬು. ಹೊಸದು ಕೊಳ್ಳು ಎಂದರೆ, "ಇರಲಿ ಬಿಡು, ನನ್ನ ಕೆಲಸಕ್ಕೊಂದು ದೃಷ್ಟಿಬೊಟ್ಟು," ಎನ್ನುತ್ತಿದ್ದ.

ಒತ್ತಿದ್ದು ಅಣ್ಣನ ಇಕ್ಕಳ. ಸೀಸ ಪಕ್ಕದ ಅಂಗಡಿಯದು. ಸತ್ತರೂ ಸೀಸ ಮುಟ್ಟದವನೊಬ್ಬ, ಸತ್ತರೂ ಇಕ್ಕಳ ಹಿಡಿಯದವನೊಬ್ಬ. ಎರಡೂ ಅಂಗಡಿಯಲ್ಲಿ ಆಡಿ ಬೆಳೆದು, ಎರಡೂ ಕೆಲಸ ಕಲಿತ ಜೀವ ಲೋಕದಲ್ಲಿ ಒಂದೇ ಒಂದು.

"ಮಿಣುಕಿ," ಎಂದಳು ಅತ್ತೆ.

ರೇಡಿಯೋ ಮಾಮ ಐರನ್ನನ್ನು ಸ್ಟ್ಯಾಂಡಿಗಿಟ್ಟ. "ಮೊಣಕಾಲುದ್ದ ಇದ್ದಾಗ ಅಪ್ಪ ಹೇಳಿದ ಹಾಗೆ ಒತ್ತಿಬಿಡೋಳು. ತಂದು ನನಗೆ ತೋರ್ಸೋಳು. ನಾನು ಮುಖ ಊದಿಸ್ಕೊಂಡ್ರೆ ಅದರ ಮೇಲೆ ಸೀಸಾನೂ ಬಿಡೋಳು. ಯಾಕೆ ಮಗೂ ಎರಡೆರಡು ಕೆಲಸ ಅಂದ್ರೆ, ನಿಮ್ಮಿಬ್ಬರಿಗೂ ಬೇಜಾರಾಗಬಾರದು ಮಾಮ ಅಂತಿದ್ಲು." ಅವನು ಮೂಗೊರೆಸಿಕೊಂಡ. "ಹಾಗೆ ಮಾಡಿದ್ರೆ ಒತ್ತಿದ್ದರ ಲಾಭವೂ ಹೋಗುತ್ತೆ, ವೈರೂ ಕಡ್ಡಿಯಾಗುತ್ತೆ. ಅದು ತಪ್ಪು ಅಂತ ನನಗೂ ಗೊತ್ತು, ನಿನ್ನಣ್ಣಂಗೂ ಗೊತ್ತು. ಇಬ್ಬರೂ ಯಾವತ್ತೂ ಹೇಳಲಿಲ್ಲ. ಹೇಗೆ ಹೇಳೋದು?"

ಅಣ್ಣ ಯಾಕೆ ಕುಣಿಯಲಿಲ್ಲ ಎಂಬ ಗಂಟು ಬಿಚ್ಚಿಕೊಂಡಿತು. ಸೀಸದ ಅಂಚಿನಲ್ಲಿ ಇಣುಕಿದ ರೆಕ್ಕೆಯ ಮಡಿಕೆ ಅವನ ಕಣ್ಣಿಗೆ ಮೊದಲ ನೋಟಕ್ಕೇ ಬಿದ್ದಿತ್ತು.

"ಅವಳೇ ಕೊಯ್ದಳು ಅಂತ ನಂಬ್ತೀಯಾ?"

"ನನ್ನ ತಲೆ ಹೋದ್ರೂ ನಂಬಲ್ಲ. ಆದ್ರೆ ಪೊಲೀಸರು ನಂಬ್ತಾರೆ."

ಅಷ್ಟರಲ್ಲಿ ಅತ್ತೆಯ ಫೋನ್ ಬಡಿದುಕೊಂಡಿತು. ಇನ್ಸ್‌ಪೆಕ್ಟರ್.

"ಮೇಡಂ, ನಿಮ್ಮಣ್ಣ ಬಂದು ಕೂತಿದ್ದಾರೆ. ಆ ಸೋಲ್ಡರ್ ನಾನೇ ಮಾಡಿದ್ದು ಅಂತ ಹೇಳಿಕೆ ಕೊಡ್ತಾರಂತೆ. ಹೇಗೆ ಮಾಡಿದ್ರಿ ಅಂದ್ರೆ ಬೆಬ್ಬೆಬ್ಬೆ ಅಂತಾರೆ. ಸಹಿ ಹಾಕಿದ ಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ. ಬೇಗ ಬನ್ನಿ ಅತ್ತೆ... ಮೇಡಂ."

ಫೋನಿನ ದನಿ ರೇಡಿಯೋ ಮಾಮನಿಗೂ ಕೇಳಿತ್ತು.

"ಅವನಾ? ಸೋಲ್ಡರಾ?" ಎಂದು ಅವನು ಎದ್ದು ನಿಂತ. "ಐರನ್ ಯಾವ ಕಡೆ ಬಿಸಿ ಇರುತ್ತೆ ಅಂತಾನೂ ಗೊತ್ತಿಲ್ಲ ಆ ಕತ್ತೆಗೆ! ನಡಿ, ನಾನೂ ಬರ್ತೀನಿ. ಅವನು ಸುಳ್ಳು ಹೇಳ್ತಿದ್ದಾನೆ, ನಾನೇ ಮಾಡಿದ್ದು ಅಂತ ಹೇಳ್ತೀನಿ." ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿ ಬಂತು. ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

"ಯಾವ ಸೋಲ್ಡರ್ ಮಾಮ? ಅಪ್ಪ ಎಲ್ಲಿಗೆ ಹೋದ್ರು?"

ಕಿಂಡಿಯಲ್ಲಿ ಮಿಣುಕಿಯ ಕಣ್ಣು, ಮೂಗು ಕಂಡವು. ಯಾರಾದರೂ ಬೇಡ ಎನ್ನುವ ಮೊದಲೇ ಅವಳು ಸುತ್ತಿ ಬಂದು ದೀಪದ ಕೆಳಗೆ ಬಗ್ಗಿದ್ದಳು. ತುಂಡನ್ನು ಅಂಗೈಗೆ ಹಾಕಿಕೊಂಡಳು.

"ಇದು ನಾನು ಮಾಡಿದ್ದು."

"ಬಾಯ್ಮುಚ್ಚು," ಎಂದ ರೇಡಿಯೋ ಮಾಮ.

"ನಾನೇ ಮಾಮ. ನನ್ನ ಕೆಲಸ ನನಗೆ ಗೊತ್ತಾಗಲ್ವಾ? ಆದ್ರೆ ಇದು ಆ ಕಾರಿಗೆ ಹೇಗೆ ಹೋಯ್ತು?" ಅವಳು ಕೆಂಪು ಹೊದಿಕೆಯ ಬಿಳಿ ಗೆರೆಯ ಮೇಲೆ ಉಗುರಾಡಿಸಿದಳು. "ಗಿರಾಕಿಗಳ ಗಾಡಿಗೆ ಅಪ್ಪ ಹೇಳಿದ ಹಾಗೇ ಬರೀ ಕ್ರಿಂಪ್. ಎರಡೂ ಮಾಡೋದು ಮನೆಯವರ ಗಾಡಿಗೆ ಮಾತ್ರ. ಈ ಗೆರೆ ವೈರು ಹಳೇ ಸುರುಳಿಯ ಕೊನೇ ಚೂರು. ಒಂದೇ ಒಂದು ಗಾಡಿಗೆ ಹಾಕಿದ್ದೆ." ತಲೆಯೆತ್ತಿದಳು. "ಅತ್ತೆ, ಇದು ನಿಮ್ಮ ಹಾರ್ನಿನ ವೈರು."

ಅತ್ತೆಯ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು. ಅವಳು ತುಂಡನ್ನು ಹುಡುಗಿಯ ಅಂಗೈಯಿಂದ ಎತ್ತಿ ಪರ್ಸಿಗೆ ಹಾಕಿದಳು.

"ನೀನು ಇಲ್ಲೇ ಇರು. ನಿನ್ನ ಮಾಮನ್ನ ಹೊಸಿಲು ದಾಟೋಕೆ ಬಿಡಬೇಡ. ಬಿಟ್ರೆ ಸ್ಟೇಷನ್ನಿಗೆ ಓಡಿ ಅವನೂ ಒಂದು ಸಹಿ ಹಾಕ್ತಾನೆ."

ಮರದ ನೆರಳಿನಲ್ಲಿ ನಿಂತು ಬಾನೆಟ್ ಎತ್ತಿದಳು. ಹಾರ್ನಿನ ಸ್ಕ್ರೂ ಬೋಳಾಗಿತ್ತು. ಬಿಳಿ ಗೆರೆಯ ಕೆಂಪು ವೈರು ಪಕ್ಕದಲ್ಲೇ ಇತ್ತು. ಅದರ ತುದಿಗೆ ಕಪ್ಪು ಟೇಪು ನೀಟಾಗಿ ಸುತ್ತಿತ್ತು. ಬಿಡಿಸಿದಳು. ಅರ್ಧ ಎಳೆಗಳು ಚಪ್ಪಟೆ, ಅರ್ಧ ಎಳೆದು ಕಿತ್ತದ್ದು. ಪರ್ಸಿನಲ್ಲಿದ್ದ ತುಂಡಿನ ಜೋಡಿ.

ಕೊಯ್ದವರು ಟೇಪು ಯಾಕೆ ಸುತ್ತಿದರು? ಬೋಳು ವೈರು ಎಲ್ಲಾದರೂ ತಾಗಿ ಈ ಕಾರಿಗೆ ಬೆಂಕಿ ಬೀಳಬಾರದು ಎಂದು. ಕದ್ದವರಿಗೆ ಅತ್ತೆಯ ಮೇಲೆ ಅಷ್ಟು ಕಾಳಜಿಯಿತ್ತು. ಟೇಪನ್ನು ಮೊದಲಿದ್ದಂತೆಯೇ ಸುತ್ತಿ, ಬಾನೆಟ್ ಮುಚ್ಚಿ, ಸ್ಟಿಯರಿಂಗ್ ಹಿಂದೆ ಕೂತಳು.

"ಸ್ಟೇಷನ್ನಿಗಾ ಅತ್ತೆ?"

ದವಾಖಾನೆಯ ಕಡೆಯಿಂದ ಹೊಸ ಬ್ಯಾಂಡೇಜಿನ ಮಾಸ್ಟರು ಬರುತ್ತಿದ್ದರು. ಕಿಟಕಿಯ ಬಳಿ ಬಗ್ಗಿದರು. ಮುಖದಲ್ಲಿ ಎಂದಿನ ಅಕ್ಕರೆ.

"ಮಾವ ಅಲ್ಲಿಗೆ ಹೋದ್ರಂತೆ, ಈಗ ದವಾಖಾನೆಯಲ್ಲಿ ಯಾರೋ ಅಂದ್ರು. ನೀವು ಗಾಬರಿಯಲ್ಲಿ ಜೋರಾಗಿ ಹೋಗಬೇಡಿ. ಮೂಲೇಲಿ ಮಕ್ಕಳು ಆಡ್ತಿರ್ತಾರೆ. ನಿಮ್ಮ ಹಾರ್ನ್ ಬೇರೆ ಇಲ್ಲ."

ಅತ್ತೆಯ ಕೈ ಕೀಲಿಯ ಮೇಲೆ ನಿಂತಿತು.

ಹಾರ್ನ್ ಇಲ್ಲ ಎಂದು ಅವಳು ಅಣ್ಣನಿಗೆ ಹೇಳಿರಲಿಲ್ಲ, ಮಿಣುಕಿಗೆ ಹೇಳಿರಲಿಲ್ಲ, ನೆರಳಿಗೂ ಹೇಳಿರಲಿಲ್ಲ. ತೊಳೆಸಲು ಒಯ್ದ ದಿನ ಎರಡು ಸಲ ಹಾರ್ನ್ ಹೊಡೆದು ಟಾಟಾ ಮಾಡಿದ್ದು ನೆನಪಾಯಿತು. ತಂದುಕೊಟ್ಟ ಮೇಲೆ ಆ ಹಾರ್ನ್ ಮತ್ತೆ ಕೂಗಿದ್ದು ನೆನಪಾಗಲಿಲ್ಲ. ಅದು ಸತ್ತಿದೆ ಎಂದು ಅವಳನ್ನು ಬಿಟ್ಟರೆ ವೈರು ಕೊಯ್ದವರಿಗೆ ಮಾತ್ರ ಗೊತ್ತಿರಬೇಕು. ಆದರೆ ಸುಟ್ಟದ್ದು ಇವರದೇ ಕೈಯಲ್ಲವೇ?

"ಅತ್ತೆ!" ಮಿಣುಕಿ ರೇಡಿಯೋ ಅಂಗಡಿಯ ಬಾಗಿಲಿನಿಂದ ಕೂಗಿದಳು. ಒಂದು ಕೈಯಲ್ಲಿ ಮಾಮನ ಅಂಗಿ ಹಿಡಿದುಕೊಂಡೇ ಇದ್ದಳು. "ಅವರನ್ನೂ ಕರ್ಕೊಂಡು ಹೋಗಿ! ಸುಟ್ಟ ಕೈಯವರೇ ಬಂದು ಅಪ್ಪನ ಪರ ಹೇಳಿದ್ರೆ ಇನ್ಸ್‌ಪೆಕ್ಟರ್ ಕೇಳ್ತಾರೆ!"

"ಹೌದಲ್ವಾ," ಎಂದರು ಮಾಸ್ಟರು. ಬ್ಯಾಂಡೇಜಿನ ಕೈಯಲ್ಲಿ ಹೇಗೋ ಬಾಗಿಲು ತೆರೆದು ಪಕ್ಕದಲ್ಲಿ ಕೂತರು.

"ಬೆಲ್ಟ್ ಹಾಕಿ ಅತ್ತೆ ಅವರಿಗೆ, ಕೈ ಆಗಲ್ಲ!"

ಅತ್ತೆ ಬಗ್ಗಿ, ಬೆಲ್ಟ್ ಎಳೆದು, ಅವರ ಎದೆಯ ಮೇಲಿಂದ ತಂದು ಸಿಕ್ಕಿಸಿದಳು. ಔಷಧಿಯ ವಾಸನೆ ಬಂತು. ಮಾಸ್ಟರು ಮಗುವಿನ ಹಾಗೆ ನಕ್ಕು, "ನೀವೂ ಹಾಕ್ಕೊಳ್ಳಿ ಅತ್ತೆ," ಎಂದರು.

ಕಾರು ಹೊರಟಿತು. ಕನ್ನಡಿಯಲ್ಲಿ ಮಿಣುಕಿ ಕೈ ಬೀಸುತ್ತಿದ್ದಳು. ತುಂಡು ಇದ್ದ ಪರ್ಸು ಇಬ್ಬರ ಸೀಟಿನ ನಡುವೆ ಇತ್ತು.

ಮೂಲೆಯಲ್ಲಿ ಚೆಂಡು ಉರುಳಿ ರಸ್ತೆಗೆ ಬಂತು, ಅದರ ಹಿಂದೆಯೇ ಮಕ್ಕಳು. ಅತ್ತೆ ಬ್ರೇಕ್ ಒತ್ತಿ, ಎಂದಿನಂತೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಲು ಬಾಯಿ ತೆರೆದಳು. ಗಂಟಲಿನಿಂದ ದನಿಯೇ ಹೊರಡಲಿಲ್ಲ.